ಎಂಟನೆಯವನಿಗಾಗಿ ಒಂದು ಅರ್ಜಿ

ಸ್ವಾಮಿ ಆಂಜನೇಯ,

ಶನಿವಾರ ನಿನ್ನ ಗುಡಿಯ ಮುಂದೆ ಸಾಲು ಉದ್ದವಿರುತ್ತದೆ. ಪರೀಕ್ಷೆ ಬರೆಯುವವರು, ಕಂಕಣ ಕೂಡಿಬರದವರು, ಹೊಸ ಗಾಡಿಯ ಚಕ್ರದಡಿ ನಿಂಬೆಹಣ್ಣು ಇಟ್ಟವರು, ಕೋರ್ಟು ಕಚೇರಿ ಅಲೆದು ಚಪ್ಪಲಿ ಸವೆಸಿದವರು. ಇಷ್ಟು ಜನರ ನಡುವೆ ಅಮೆರಿಕದ ಕಾಲೇಜು ಹುಡುಗರ ಓಟ, ಜಿಗಿತ, ಎಸೆತದ ವಿಷಯ ಎತ್ತಿಕೊಂಡು ಬಂದೆನೆಂದು ನಗಬೇಡ. ಗರಡಿಮನೆಯ ಮಟ್ಟಿಗೆ ಇಳಿಯುವ ಮುಂಚೆ ನಮ್ಮ ಹುಡುಗರು ಕೈಮುಗಿಯುವುದು ನಿನ್ನ ಪಟಕ್ಕೇ. ಸಮುದ್ರ ಜಿಗಿದವನು ನೀನು. ಜಿಗಿಯುವವರ ಅಹವಾಲನ್ನು ಇನ್ನಾರಿಗೆ ಒಪ್ಪಿಸಲಿ?

ಅವರ ಋತು ಎಂಥದೆಂದು ಮೊದಲು ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಸೂರಿನಡಿ 200 ಮೀಟರಿನ ಪುಟ್ಟ ಟ್ರ್ಯಾಕಿನ ಮೇಲೆ ಸುತ್ತು ಹಾಕುತ್ತಾರೆ. ಮಾರ್ಚ್ ಹೊತ್ತಿಗೆ ಬಯಲಿಗೆ ಬರುತ್ತಾರೆ. ಮೇ ತಿಂಗಳಲ್ಲಿ ಅಕ್ಕಪಕ್ಕದ ವಿಶ್ವವಿದ್ಯಾಲಯಗಳ ಕಾನ್ಫರೆನ್ಸ್ ಕೂಟ. ತಿಂಗಳ ಕೊನೆಗೆ ದೇಶವನ್ನು ಪೂರ್ವ, ಪಶ್ಚಿಮ ಎಂದು ಎರಡಾಗಿ ಸೀಳಿ, ಒಂದೊಂದು ಕಡೆ ಹೆಚ್ಚಿನ ಸ್ಪರ್ಧೆಗಳಿಗೆ 48 ಜನರನ್ನು ಇಳಿಸಿ, 12 ಜನರನ್ನು ಮೇಲಕ್ಕೆ ಕಳಿಸುತ್ತಾರೆ. ಉಳಿದ 36 ಹುಡುಗರ ವರ್ಷ ಅಲ್ಲಿಗೆ ಮುಗಿಯಿತು. ಕೆಲವರ ಓಟವೇ ಅಲ್ಲಿಗೆ ಮುಗಿಯಿತು. ದಾಟಿ ಬಂದ 24 ಜನ ಜೂನ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಹೋಗುತ್ತಾರೆ. ಬಹಳ ವರ್ಷ ಅದು ಒರೆಗಾನ್ ರಾಜ್ಯದ ಯೂಜೀನ್ ಊರಿನ ಹೇವರ್ಡ್ ಫೀಲ್ಡಿನಲ್ಲಿ ನಡೆದಿದೆ. ಈಚೆಗೆ ಗಂಡಸರ ಸ್ಪರ್ಧೆಗಳು ಬುಧವಾರ ಮತ್ತು ಶುಕ್ರವಾರ, ಹೆಂಗಸರದ್ದು ಗುರುವಾರ ಮತ್ತು ಶನಿವಾರ. ಮೊದಲನೆಯವನಿಗೆ 10 ಅಂಕ, ಎರಡನೆಯವನಿಗೆ 8, ಆಮೇಲೆ 6, 5, 4, 3, 2. ಎಂಟನೆಯವನಿಗೆ 1.

ಈ ಒಂದು ಅಂಕವೇ ನನ್ನ ಅರ್ಜಿಯ ವಿಷಯ.

ಓಡುವವನು ಒಂಟಿ. ಫುಟ್‌ಬಾಲಿನಲ್ಲಾದರೆ ಸುಸ್ತಾದವನು ಪಕ್ಕದವನಿಗೆ ಚೆಂಡು ಒದ್ದು ಉಸಿರು ತೆಗೆದುಕೊಳ್ಳಬಹುದು. 1500 ಮೀಟರಿನ ಮೂರನೇ ಸುತ್ತಿನಲ್ಲಿ ಯಾರಿಗೆ ಒದೆಯುತ್ತಾನೆ? ಇಂಥ ಒಂಟಿಗಳನ್ನೆಲ್ಲ ಒಂದೇ ಬಣ್ಣದ ಬನಿಯನ್ನಿನಲ್ಲಿ ನಿಲ್ಲಿಸಿ, ಗುಂಡು ಎಸೆಯುವವನ ಅಂಕವನ್ನೂ ಹರ್ಡಲ್ಸ್ ಹಾರುವವನ ಅಂಕವನ್ನೂ ಒಂದೇ ಬುಟ್ಟಿಗೆ ಹಾಕಿ, ಯಾವ ಕಾಲೇಜಿನ ಬುಟ್ಟಿ ಭಾರ ಎಂದು ತೂಗುತ್ತಾರೆ. 1921ರಲ್ಲಿ ಶಿಕಾಗೋದಲ್ಲಿ ಈ ರಾಷ್ಟ್ರೀಯ ಕೂಟ ಶುರುವಾದಾಗಿನಿಂದ ಪದ್ಧತಿ ಇದೇ. ಬುಟ್ಟಿಯನ್ನು ಒಬ್ಬನೇ ತುಂಬಿಸಲಾರ ಎನ್ನುವುದಕ್ಕೆ ದೊಡ್ಡ ಸಾಕ್ಷಿಯನ್ನು ಹೇಳುತ್ತೇನೆ, ಕೇಳು.

1935ರ ಮೇ 25, ಶನಿವಾರ. ನಿನ್ನದೇ ವಾರ. ಮಿಷಿಗನ್ ರಾಜ್ಯದ ಆನ್ ಆರ್ಬರ್‌ನಲ್ಲಿ ಕಾನ್ಫರೆನ್ಸ್ ಕೂಟ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ 21 ವರ್ಷದ ಜೆಸ್ಸಿ ಓವೆನ್ಸ್ ಕೆಲವು ದಿನಗಳ ಹಿಂದಷ್ಟೇ ಮೆಟ್ಟಿಲಿನಿಂದ ಉರುಳಿ ಬೆನ್ನಿಗೆ ಪೆಟ್ಟು ಮಾಡಿಕೊಂಡಿದ್ದ. ಬಗ್ಗಲು ಆಗುತ್ತಿರಲಿಲ್ಲ. ಕೋಚ್ ಲ್ಯಾರಿ ಸ್ನೈಡರ್ ಬೇಡವೆಂದರೂ, ಮೊದಲು ನೂರು ಗಜ ಓಡಿ ನೋಡುತ್ತೇನೆ ಎಂದು ಹುಡುಗ ಹಟ ಹಿಡಿದ. ಮಧ್ಯಾಹ್ನ 3:15ಕ್ಕೆ ನೂರು ಗಜವನ್ನು 9.4 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆಯನ್ನು ಸರಿಗಟ್ಟಿದ. ಅಲ್ಲಿಂದ ನೇರ ಲಾಂಗ್ ಜಂಪ್ ಮರಳಿನ ಗುಂಡಿಯ ಹತ್ತಿರ ಹೋದ. ಆಗಿನ ವಿಶ್ವದಾಖಲೆ ಜಪಾನಿನ ಚುಹೆಯಿ ನಾಂಬುವಿನದು, 7.98 ಮೀಟರ್. ಓವೆನ್ಸ್ ಆ ಗುರುತಿನ ಪಕ್ಕ ಒಂದು ಕರವಸ್ತ್ರ ಇಡಿಸಿ, ಓಡಿಬಂದು ಒಂದೇ ಒಂದು ಸಲ ಜಿಗಿದ. ಇಳಿದದ್ದು ಕರವಸ್ತ್ರದ ಆಚೆ, 8.13 ಮೀಟರಿಗೆ. ಎರಡನೇ ಸಲ ಜಿಗಿಯಲೇ ಇಲ್ಲ, ಬೇರೆ ಕೆಲಸ ಇತ್ತು. 220 ಗಜದ ಓಟ, ಆಮೇಲೆ 220 ಗಜದ ತಗ್ಗು ಹರ್ಡಲ್ಸ್, ಎರಡರಲ್ಲೂ ಹೊಸ ವಿಶ್ವದಾಖಲೆ. ಗಡಿಯಾರ ನಾಲ್ಕು ಹೊಡೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ 8.13 ಮೀಟರ್ 1960ರವರೆಗೆ, ಪೂರಾ 25 ವರ್ಷ, ಯಾರ ಕಾಲಿಗೂ ಎಟುಕಲಿಲ್ಲ.

ಇಷ್ಟಾಗಿ ಆ ದಿನ ತಂಡ ಪ್ರಶಸ್ತಿ ಗೆದ್ದದ್ದು ಯಾರು? ಆತಿಥೇಯ ಮಿಷಿಗನ್. ಮುಂದಿನ ತಿಂಗಳು ಬರ್ಕ್ಲಿಯಲ್ಲಿ ರಾಷ್ಟ್ರೀಯ ಕೂಟ. ಓವೆನ್ಸ್ ಮತ್ತೆ ನಾಲ್ಕಕ್ಕೆ ನಾಲ್ಕೂ ಗೆದ್ದ. ತಂಡ ಪ್ರಶಸ್ತಿ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲಾಯಿತು. 1936ರಲ್ಲಿ ಶಿಕಾಗೋದಲ್ಲಿ ಮತ್ತೆ ನಾಲ್ಕು, ಪ್ರಶಸ್ತಿ ಮತ್ತೆ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೇ. ಅದೇ ಬೇಸಿಗೆಯಲ್ಲಿ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹಿಟ್ಲರನ ಎದುರು ನಾಲ್ಕು ಚಿನ್ನ ಗೆದ್ದವನಿಗೆ, ತನ್ನ ಕಾಲೇಜಿಗೆ ಒಂದೇ ಒಂದು ರಾಷ್ಟ್ರೀಯ ತಂಡ ಪ್ರಶಸ್ತಿ ಗೆದ್ದುಕೊಡಲಾಗಲಿಲ್ಲ. ಅವನ ಹಿಂದೆ ಎರಡನೆಯ, ಮೂರನೆಯ ಸ್ಥಾನಕ್ಕೆ ಬರುವ ಹುಡುಗರು ಸಾಲದಾದರು, ಅಷ್ಟೇ.

ಆ ಕಾಲೇಜು ಅವನನ್ನು ಹೇಗೆ ಇಟ್ಟುಕೊಂಡಿತ್ತು ಎನ್ನುವುದನ್ನೂ ನಿನ್ನ ಕಿವಿಗೆ ಹಾಕಬೇಕು. ಕರಿಯ ಹುಡುಗ, ಕ್ಯಾಂಪಸ್ಸಿನ ಹಾಸ್ಟೆಲಿನಲ್ಲಿ ಜಾಗವಿಲ್ಲ. ವಿದ್ಯಾರ್ಥಿವೇತನವಿಲ್ಲ. ರಾಜ್ಯದ ಶಾಸನಸಭೆಯ ಕಟ್ಟಡದಲ್ಲಿ ಲಿಫ್ಟ್ ನಡೆಸಿ ಫೀಸು ಕಟ್ಟಿದ. ತಂಡದೊಂದಿಗೆ ಊರೂರು ಹೋದಾಗ ಬಿಳಿಯ ಹುಡುಗರು ಒಂದು ಹೋಟೆಲಿನಲ್ಲಿ, ಇವನು ಇನ್ನೊಂದು ಕಡೆ. ಪಂಕ್ತಿಭೇದ ನಮಗೆ ಹೊಸತಲ್ಲ ಸ್ವಾಮಿ. ಆದ್ದರಿಂದಲೇ ಅದನ್ನು ದೂರದ ದೇಶದ ಕಥೆಯೆಂದು ಹೇಳಿ ಕೈತೊಳೆದುಕೊಳ್ಳುವ ಧೈರ್ಯ ನನಗಿಲ್ಲ.

ಇನ್ನೊಂದು ಹೆಸರನ್ನೂ ನಿನ್ನ ಪಾದದಲ್ಲಿ ಇಡುತ್ತೇನೆ: ಯೂಲೇಸ್ ಪೀಕಾಕ್. ಟೆಂಪಲ್ ವಿಶ್ವವಿದ್ಯಾಲಯದ ಹುಡುಗ. 1935ರ ಜುಲೈನಲ್ಲಿ ನೂರು ಮೀಟರ್ ಮತ್ತು ಲಾಂಗ್ ಜಂಪ್ ಎರಡರಲ್ಲೂ ಓವೆನ್ಸ್‌ನನ್ನು ಸೋಲಿಸಿದವನು. 1936ರ ಬೇಸಿಗೆಗೆ ಮುಂಚೆ ತೊಡೆಯ ಹಿಂಭಾಗದ ಸ್ನಾಯು ಹರಿದುಕೊಂಡ. ಬರ್ಲಿನ್ ಹಡಗು ಅವನನ್ನು ಬಿಟ್ಟು ಹೋಯಿತು. ಹಗ್ಗದಷ್ಟು ದಪ್ಪದ ಆ ಸ್ನಾಯು ಒಂದು ಜನ್ಮದ ಕೀರ್ತಿಯನ್ನು ಹಿಡಿದಿರುತ್ತದೆ. ಲಕ್ಷ್ಮಣನಿಗಾಗಿ ಬೆಟ್ಟವನ್ನೇ ಹೊತ್ತು ತಂದವನೇ, ಮೇ ತಿಂಗಳಲ್ಲಿ ಸ್ನಾಯು ಹಿಡಿದುಕೊಂಡು ಟ್ರ್ಯಾಕಿನ ಅಂಚಿನಲ್ಲಿ ಕುಂಟುವ ಹುಡುಗರ ಮೇಲೆ ಒಂದು ಕಣ್ಣಿಟ್ಟಿರು.

ಗಾಳಿಯ ವಿಷಯ ನಿನ್ನ ಬಳಿ ಎತ್ತುವಾಗ ಸ್ವಲ್ಪ ಸಂಕೋಚ. 200 ಮೀಟರ್‌ವರೆಗಿನ ಓಟಕ್ಕೂ ಲಾಂಗ್ ಜಂಪ್, ಟ್ರಿಪಲ್ ಜಂಪ್‌ಗೂ ಬೆನ್ನಿಗೆ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಬಾರದು. ಮೀರಿದರೆ ಪದಕಕ್ಕೆ ಅಡ್ಡಿಯಿಲ್ಲ, ದಾಖಲೆ ಪುಸ್ತಕಕ್ಕೆ ಮಾತ್ರ ಹೋಗುವುದಿಲ್ಲ. ಪಕ್ಕದಲ್ಲೇ ಒಂದು ಮಾಪಕ ಕೂತಿರುತ್ತದೆ, ಲಾಂಗ್ ಜಂಪ್ ಆದರೆ ಐದು ಸೆಕೆಂಡು ಅಳೆಯುತ್ತದೆ. ನೀನು ನೂರು ಯೋಜನ ಹಾರಿದೆ, ನಡುವೆ ಸುರಸೆ, ಸಿಂಹಿಕೆ ಎಂಬ ಹರ್ಡಲ್ಸ್ ಬೇರೆ, ಒಪ್ಪಿದೆ. ಆದರೆ ಗಾಳಿ ನಿನ್ನ ಅಪ್ಪ. ಇವತ್ತಿನ ತೀರ್ಪುಗಾರರಾದರೆ ನಿನ್ನ ಜಿಗಿತದ ಮುಂದೆ ಒಂದು ಚುಕ್ಕಿ ಇಟ್ಟು ‘ಗಾಳಿಯ ನೆರವು’ ಎಂದು ಬರೆದುಬಿಡುತ್ತಿದ್ದರು. ತಮಾಷೆ ಮಾಡಿದೆ, ಕೋಪಿಸಿಕೊಳ್ಳಬೇಡ. ನಿನಗೂ ಒಬ್ಬ ಕೋಚ್ ಇದ್ದನಲ್ಲ. ಕಡಲ ದಂಡೆಯಲ್ಲಿ ಸುಮ್ಮನೆ ಕೂತಿದ್ದ ನಿನಗೆ ನಿನ್ನ ಶಕ್ತಿ ನೆನಪಿಸಿದ ಮುದುಕ ಜಾಂಬವಂತ. ತಾವು ಜಿಗಿಯಲಾರದೆ, ಜಿಗಿಯುವವನ ಹೆಜ್ಜೆ ಎಣಿಸುತ್ತ, ಟೇಪು ಹಿಡಿದು ಬಿಸಿಲಲ್ಲಿ ನಿಂತಿರುವ ಎಲ್ಲ ಜಾಂಬವಂತರನ್ನೂ ಚೆನ್ನಾಗಿ ಇಟ್ಟಿರಪ್ಪ.

ನಮ್ಮವರೂ ಆ ರಾಷ್ಟ್ರೀಯ ಕೂಟದ ಕಣಕ್ಕೆ ಇಳಿದಿದ್ದಾರೆ. 1970ರಲ್ಲಿ ಮೊಹಿಂದರ್ ಸಿಂಗ್ ಗಿಲ್ ಎಂಬ ಪಂಜಾಬಿನ ಹುಡುಗ ಕ್ಯಾಲ್ ಪಾಲಿ ಎಂಬ ಕಾಲೇಜಿನಿಂದ ಬಂದು ಟ್ರಿಪಲ್ ಜಂಪ್ ಗೆದ್ದ, ಮರುವರ್ಷವೂ ಗೆದ್ದ. ಇನ್ನೊಬ್ಬರು ನಮ್ಮ ಮೈಸೂರಿನವರೇ. ವಿಕಾಸ್ ಗೌಡ ಹುಟ್ಟಿದ್ದು ಅಲ್ಲೇ, 1983ರಲ್ಲಿ. ಚಿಕ್ಕಂದಿನಲ್ಲೇ ಮನೆಯವರೊಂದಿಗೆ ಅಮೆರಿಕಕ್ಕೆ ಹೋದರು. ತಂದೆಯೂ ಅಥ್ಲೆಟಿಕ್ಸ್ ಕೋಚ್. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ಬನಿಯನ್ನಿನಲ್ಲಿ 2006ರ ಜೂನ್‌ನಲ್ಲಿ ಸ್ಯಾಕ್ರಮೆಂಟೊದಲ್ಲಿ ಡಿಸ್ಕಸ್ ಚಾಂಪಿಯನ್ ಆದರು. 2014ರಲ್ಲಿ ಗ್ಲಾಸ್ಗೋದಲ್ಲಿ ಕಾಮನ್‌ವೆಲ್ತ್ ಚಿನ್ನ ತಂದಾಗ ನಮ್ಮ ಪತ್ರಿಕೆಗಳು ಮುಖಪುಟದಲ್ಲಿ ಕೂರಿಸಿದವು. ಕಾಲೇಜು ದಿನಗಳ ಆ ಹತ್ತು ಅಂಕ ಇಲ್ಲಿ ಎಷ್ಟು ಜನಕ್ಕೆ ಗೊತ್ತು?

ಡಿಸ್ಕಸ್ ಎಸೆಯುವುದನ್ನು ಹತ್ತಿರದಿಂದ ನೋಡಿದವರಿಗೆ ಅದರ ಕಷ್ಟ ತಿಳಿಯುತ್ತದೆ. ಎರಡೂವರೆ ಮೀಟರ್ ಅಗಲದ ಸಿಮೆಂಟಿನ ವೃತ್ತ, ಮೂರು ಕಡೆ ಬಲೆ. ಎರಡು ಕಿಲೋ ತೂಕದ ತಟ್ಟೆಯನ್ನು ಟವೆಲಿನಲ್ಲಿ ಒರೆಸಿ, ಬೆರಳ ತುದಿಗಳಿಗೆ ಸಿಕ್ಕಿಸಿ, ಆರೂವರೆ ಅಡಿಯ ಆಳು ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಎಸೆಯುವ ದಿಕ್ಕನ್ನೇ ನೋಡದೆ ಶುರು ಮಾಡುವ ಆಟ. ಒಂದೂವರೆ ಸುತ್ತು ಗಿರ್ರನೆ ತಿರುಗಿ ಬಿಟ್ಟಮೇಲೆ ಇಡೀ ಮೈ ಮುಂದಕ್ಕೆ ಬೀಳಲು ಹವಣಿಸುತ್ತದೆ. ಕಾಲು ಮಾತ್ರ ಅಂಚು ದಾಟಬಾರದು. ತಟ್ಟೆ ನೆಲ ಮುಟ್ಟುವ ತನಕ ಒಳಗೇ ನಿಂತಿದ್ದು, ವೃತ್ತದ ಹಿಂದಿನ ಅರ್ಧದಿಂದಲೇ ಹೊರಗೆ ಬರಬೇಕು. ಖುಷಿಯ ಭರದಲ್ಲಿ ಮುಂದಿನಿಂದ ಕಾಲಿಟ್ಟರೆ ಕೆಂಪು ಬಾವುಟ, ಎಸೆತ ರದ್ದು.

ತೇಜಸ್ವಿನ್ ಶಂಕರ್ ಕಥೆ ಈಚಿನದು. ದೆಹಲಿಯ ಹುಡುಗ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ 2018ರಲ್ಲಿ ಒಮ್ಮೆ, 2022ರಲ್ಲಿ ಇನ್ನೊಮ್ಮೆ ಹೈಜಂಪ್ ಗೆದ್ದುಕೊಟ್ಟ. ಎರಡನೇ ಸಲ ಯೂಜೀನ್‌ನಲ್ಲಿ 2.27 ಮೀಟರ್ ದಾಟುವ ಹೊತ್ತಿಗೆ ಇಲ್ಲಿ ಚೆನ್ನೈನಲ್ಲಿ ಅಂತರರಾಜ್ಯ ಕೂಟ. ಒಬ್ಬ ಹುಡುಗ ಎರಡು ಕಡೆ ಜಿಗಿಯುವುದು ನಿನ್ನಿಂದಾದೀತು, ಅವನಿಂದ ಆಗಲಿಲ್ಲ. ಚೆನ್ನೈಗೆ ಬಾರದ್ದರಿಂದ ಕಾಮನ್‌ವೆಲ್ತ್ ಪಟ್ಟಿಯಿಂದ ಹೆಸರು ಬಿಟ್ಟುಹೋಯಿತು. ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿ, ಕೊನೆ ಗಳಿಗೆಯಲ್ಲಿ ಬರ್ಮಿಂಗ್‌ಹ್ಯಾಮ್ ತಲುಪಿ, 2.22 ಮೀಟರ್ ಜಿಗಿದು ಕಂಚು ತಂದ. ಕಾಮನ್‌ವೆಲ್ತ್ ಹೈಜಂಪ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ. ದೇವರೇ, ವೇಳಾಪಟ್ಟಿ ಬರೆಯುವವರಿಗೂ ಒಂದಿಷ್ಟು ಬುದ್ಧಿ ಕೊಡು.

ಇನ್ನು ದುಡ್ಡಿನ ಮಾತು. ಗಂಡಸರ ಅಥ್ಲೆಟಿಕ್ಸ್ ತಂಡವೊಂದಕ್ಕೆ ಇತ್ತೀಚಿನವರೆಗೂ ಕೊಡಬಹುದಾಗಿದ್ದ ಪೂರ್ತಿ ವಿದ್ಯಾರ್ಥಿವೇತನ 12.6. ಹನ್ನೆರಡೂ ಚಿಲ್ಲರೆ ಪಾಲನ್ನು ಮೂವತ್ತು ನಲವತ್ತು ಹುಡುಗರಿಗೆ ಹರಿದು ಹಂಚಬೇಕು. ಒಬ್ಬನಿಗೆ ಅರ್ಧ, ಒಬ್ಬನಿಗೆ ಕಾಲು, ಇನ್ನೊಬ್ಬನಿಗೆ ಪುಸ್ತಕದ ಖರ್ಚು. ಏನೂ ಇಲ್ಲದೆ ಬರುವ ಹುಡುಗರಿಗೆ ಅಲ್ಲಿ ವಾಕ್‌ಆನ್ ಎನ್ನುತ್ತಾರೆ. ತಾವಾಗಿ ನಡೆದು ಬಂದವರು. 2025ರಲ್ಲಿ ಕೋರ್ಟಿನ ರಾಜಿಯಾದ ಮೇಲೆ ಅದಕ್ಕೆ ಒಳಪಟ್ಟ ಕಾಲೇಜುಗಳಲ್ಲಿ ವೇತನದ ಮಿತಿ ಹೋಯಿತು, ಬದಲಿಗೆ ತಂಡದಲ್ಲಿ 45 ಜನರಿಗಿಂತ ಹೆಚ್ಚು ಇರಕೂಡದೆಂಬ ಮಿತಿ ಬಂತು. 46ನೆಯವನು ಯಾರೆಂದು ಹೇಳಬೇಕಾಗಿಲ್ಲ. ಅದಕ್ಕೂ ಮುಂಚೆ, 2020ರ ನವೆಂಬರ್‌ನಲ್ಲಿ, ಕ್ಲೆಮ್‌ಸನ್ ವಿಶ್ವವಿದ್ಯಾಲಯ ಗಂಡಸರ ಅಥ್ಲೆಟಿಕ್ಸ್ ತಂಡವನ್ನೇ ಮುಚ್ಚುವುದಾಗಿ ಸಾರಿತ್ತು. ಫುಟ್‌ಬಾಲಿಗೆ ಸುರಿಯುವ ಹಣದ ಎದುರು ಈ ಹುಡುಗರ ಖರ್ಚು ಉಪ್ಪಿನಕಾಯಿಯಷ್ಟು. ಹುಡುಗರೂ ಹಳೆಯ ವಿದ್ಯಾರ್ಥಿಗಳೂ ಸುಮ್ಮನೆ ಕೂರಲಿಲ್ಲ; 2021ರ ಏಪ್ರಿಲ್‌ನಲ್ಲಿ ನಿರ್ಧಾರ ಹಿಂದಕ್ಕೆ ಹೋಯಿತು. ನನಗೆ ಈ ಜಗತ್ತಿನಲ್ಲಿ ಖುಷಿ ಕೊಟ್ಟ ಆಡಳಿತ ನಿರ್ಣಯಗಳು ಕಡಿಮೆ, ಇದು ಅವುಗಳಲ್ಲೊಂದು.

ಈಗ ನನ್ನ ಕೋರಿಕೆ. ಗೆಲ್ಲುವವನಿಗಾಗಿ ನಾನು ಕೇಳುವುದಿಲ್ಲ, ಅವನಿಗೆ ಕೇಳುವವರು ಬೇಕಾದಷ್ಟು ಇದ್ದಾರೆ. ಹತ್ತು ಸಾವಿರ ಮೀಟರಿನ 25 ಸುತ್ತಿನಲ್ಲಿ 23 ಮುಗಿದಿವೆ. ಮುಂದಿನ ಏಳು ಜನ ಕೈಗೆ ಸಿಗುವಂತಿಲ್ಲ, ಹಿಂದೆ ಒಂಬತ್ತನೆಯವನ ಸ್ಪೈಕ್ಸ್ ಸದ್ದು ಕಿವಿಗೆ ಬೀಳುತ್ತಿದೆ. ಟಿವಿಯ ಕ್ಯಾಮೆರಾ ಅವನನ್ನು ಬಿಟ್ಟು ಎಷ್ಟೋ ಹೊತ್ತಾಯಿತು. ಆ ಎಂಟನೆಯವನ ಉಸಿರು ಇನ್ನೆರಡು ಸುತ್ತು ಕಾಯಿ ಸ್ವಾಮಿ. ಅವನು ಓಡುತ್ತಿರುವುದು ಒಂದು ಅಂಕಕ್ಕೆ. ಆ ಅಂಕ ಅವನದಲ್ಲ, ಟ್ರ್ಯಾಕಿನ ಆಚೆ ಬದಿಯಲ್ಲಿ ಕೋಲು ಹಿಡಿದು ಪೋಲ್‌ವಾಲ್ಟಿಗೆ ಕಾದಿರುವ, ರಿಲೇಗೆ ಕಾಲು ಬಿಸಿ ಮಾಡಿಕೊಳ್ಳುತ್ತಿರುವ ಇನ್ನಷ್ಟು ಹುಡುಗರದು. ಅವನು ಬಿಟ್ಟುಕೊಟ್ಟರೆ ಯಾರೂ ಬೈಯುವುದಿಲ್ಲ. ಹಾಗೆಂದೇ ಬಿಟ್ಟುಕೊಡದಂತೆ ನೋಡಿಕೋ.

ಒಂದು ಅಂಕ ಏನು ಮಹಾ ಎಂದು ನೀನೂ ಕೇಳೀಯೆ. 1970ರಲ್ಲಿ, ಗಿಲ್ ಗೆದ್ದ ಆ ಕೂಟದಲ್ಲೇ, ಬ್ರಿಗಂ ಯಂಗ್, ಕಾನ್ಸಾಸ್, ಒರೆಗಾನ್ ಮೂರೂ 35 ಅಂಕಕ್ಕೆ ನಿಂತವು. ಮತ್ತೆ 2025ರ ಜೂನ್‌ನಲ್ಲಿ ಯೂಜೀನ್‌ನಲ್ಲಿ ಗಂಡಸರ ಕೂಟ ಮುಗಿದಾಗ ದಕ್ಷಿಣ ಕ್ಯಾಲಿಫೋರ್ನಿಯಾಕ್ಕೆ 41, ಟೆಕ್ಸಸ್ ಎ ಅಂಡ್ ಎಂಗೆ 41. ಪ್ರಶಸ್ತಿಯನ್ನು ಇಬ್ಬರಿಗೂ ಹಂಚಿದರು.