ಸಿಂಹಾಸನವೂ ಕಸಬರಿಗೆಯೂ

ದುಷ್ಟನಾದ ಅರಸನು ಬಿದ್ದನೆಂಬ ವಾರ್ತೆಯನ್ನು ಕೇಳಿದಾಗ ಪ್ರಜೆಗಳಿಗೆ ಉಂಟಾಗುವ ಹರ್ಷವು ಧರ್ಮಸಮ್ಮತವೋ ಅಲ್ಲವೋ ಎಂಬ ಪ್ರಶ್ನೆ ಬಹಳ ಹಳೆಯದು. ಪರರ ಪತನದಲ್ಲಿ ಸಂತೋಷಪಡುವುದು ಶರಣಮಾರ್ಗಕ್ಕೆ ಸಲ್ಲದೆಂದು ಒಬ್ಬರು ಹೇಳಿದರೆ, ಪೀಡಕನ ಕೈ ಸಡಿಲಿದಾಗ ಪೀಡಿತನು ನಗಬಾರದೆಂದರೆ ಅದಾವ ಧರ್ಮವೆಂದು ಮತ್ತೊಬ್ಬರು ಕೇಳುತ್ತಾರೆ. ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ ಇಂಥ ಪ್ರಶ್ನೆಯನ್ನು ಬರಿಯ ತರ್ಕದಿಂದ ಬಿಡಿಸಲು ಹೊರಡುವುದಕ್ಕಿಂತ, ನಡೆದುಹೋದ ಒಂದು ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರಿಸುವುದು ಲೇಸು. 2011ನೆಯ ಇಸವಿಯಲ್ಲಿ ಈಜಿಪ್ತ ದೇಶದ ರಾಜಧಾನಿಯಾದ ಕೈರೋ ನಗರದಲ್ಲಿ ನಡೆದುದು ಅಂಥದೊಂದು ಸಂಗತಿ.

ಆ ದೇಶವನ್ನು ಹೋಸ್ನಿ ಮುಬಾರಕ್ ಎಂಬಾತನು 1981ರ ಅಕ್ಟೋಬರ ತಿಂಗಳಿಂದ ಸುಮಾರು 30 ವರ್ಷಗಳ ಕಾಲ ಆಳಿದನು. ಹೆಸರಿಗೆ ಆತನು ಅಧ್ಯಕ್ಷ, ನಡೆಯಲ್ಲಿ ಅರಸ. ಹಿಂದಿನ ಅಧ್ಯಕ್ಷನಾದ ಸಾದತ್‌ನ ಕೊಲೆಯಾದಾಗ ಹೇರಿದ ತುರ್ತುಪರಿಸ್ಥಿತಿಯ ಶಾಸನವು ಆತನ ಆಳಿಕೆಯುದ್ದಕ್ಕೂ ಜಾರಿಯಲ್ಲಿಯೇ ಇತ್ತು. ವಿಚಾರಣೆಯಿಲ್ಲದೆ ಹಿಡಿದಿಡುವುದು, ಠಾಣೆಗಳಲ್ಲಿ ಹೊಡೆಯುವುದು ನಿತ್ಯದ ಮಾತಾಗಿದ್ದಿತು. ಕಚೇರಿಯ ಬಾಗಿಲಲ್ಲಿ ಕೈಬಿಸಿ ಮಾಡದೆ ಕಾಗದ ಮುಂದೆ ಸರಿಯುತ್ತಿರಲಿಲ್ಲ. ತನ್ನ ತರುವಾಯ ಮಗನಾದ ಗಮಾಲನನ್ನೇ ಗದ್ದುಗೆಗೇರಿಸುವನೆಂದು ಜನರು ಆಡಿಕೊಳ್ಳುತ್ತಿದ್ದರು. ಗಣರಾಜ್ಯವೆಂದು ಹೆಸರಿಟ್ಟುಕೊಂಡ ನಾಡಿನಲ್ಲಿ ಪಟ್ಟಾಭಿಷೇಕದ ಮಾತು!

ಟ್ಯುನಿಸಿಯ ದೇಶದಲ್ಲಿ ತಳ್ಳುಬಂಡಿಯಲ್ಲಿ ಹಣ್ಣು ಮಾರಿ ಜೀವಿಸುತ್ತಿದ್ದ ಬಡ ತರುಣನೊಬ್ಬನು ಅಧಿಕಾರಿಗಳ ಕಾಟವನ್ನು ತಾಳಲಾರದೆ 2010ರ ಡಿಸೆಂಬರಿನಲ್ಲಿ ಮೈಗೆ ಬೆಂಕಿ ಹಚ್ಚಿಕೊಂಡನು. ಆ ಕಿಡಿಯಿಂದ ಹೊತ್ತಿದ ಉರಿಗೆ ಬೆದರಿ ಅಲ್ಲಿಯ ಸರ್ವಾಧಿಕಾರಿಯು ಜನವರಿ 14ರಂದು ದೇಶಬಿಟ್ಟು ಓಡಿದನು. ಅದನ್ನು ಕಂಡು ಈಜಿಪ್ತದ ಜನರು ಜನವರಿ 25ರಂದು ಬೀದಿಗಿಳಿದರು. ಅಂದು ಆ ದೇಶದಲ್ಲಿ ಪೋಲೀಸರ ಗೌರವಾರ್ಥವಾದ ರಜೆಯ ದಿನ; ಪೋಲೀಸರ ದೌರ್ಜನ್ಯವನ್ನು ಖಂಡಿಸಲು ಅದೇ ದಿನವನ್ನು ತರುಣರು ಆರಿಸಿಕೊಂಡರು. ಅವರ ಕೂಗಿನಲ್ಲಿ ಮೊದಲು ಬಂದ ಶಬ್ದ ರೊಟ್ಟಿ. ಸ್ವಾತಂತ್ರ್ಯವೂ ಸಾಮಾಜಿಕ ನ್ಯಾಯವೂ ಅದರ ಬೆನ್ನಿಗೆ ಬಂದವು. ಆ ನಾಡಿನ ಆಡುಮಾತಿನಲ್ಲಿ ರೊಟ್ಟಿಗೆ ಐಶ್ ಎನ್ನುತ್ತಾರೆ. ಬದುಕು ಎಂಬ ಅರ್ಥವೂ ಆ ಶಬ್ದದಲ್ಲಿಯೇ ಅಡಗಿದೆ.

ವಿಮೋಚನೆಯೆಂಬ ಅರ್ಥವುಳ್ಳ ತಹ್ರೀರ್ ಚೌಕದಲ್ಲಿ 18 ದಿನಗಳ ಕಾಲ ಜನರು ಬೀಡುಬಿಟ್ಟರು. ಜನವರಿ 28ರಂದು ಗುಂಡು, ಅಶ್ರುವಾಯುಗಳ ಮಳೆಯಾಯಿತು. ಫೆಬ್ರುವರಿ 2ರಂದು ಮುಬಾರಕನ ಪಕ್ಷದವರು ಒಂಟೆ ಕುದುರೆಗಳನ್ನೇರಿ ನಿರಾಯುಧರ ಮೇಲೆ ನುಗ್ಗಿದರು. ಇಡೀ ದೇಶದಲ್ಲಿ ಆ ದಿನಗಳಲ್ಲಿ ಮಡಿದವರು 840ಕ್ಕೂ ಮಿಕ್ಕಿದ್ದರೆಂದು ತರುವಾಯ ನೇಮಿತವಾದ ಸರಕಾರಿ ವಿಚಾರಣಾ ಮಂಡಲಿಯೇ ಒಪ್ಪಿಕೊಂಡಿತು. ಇಷ್ಟಾದರೂ ಆ ಚೌಕದೊಳಗೆ ಬೇರೊಂದು ಲೋಕವು ರೂಪುಗೊಂಡಿದ್ದಿತು. ಗಾಯಗೊಂಡವರಿಗೆ ವೈದ್ಯರು ಮೂಲ್ಯವಿಲ್ಲದೆ ಶುಶ್ರೂಷೆ ಮಾಡಿದರು. ಮನೆಯಿಂದ ತಂದ ಬುತ್ತಿಯನ್ನು ಗುರುತಿಲ್ಲದವರೊಡನೆ ಹಂಚಿಕೊಂಡು ಉಂಡರು. ಮುಸಲ್ಮಾನರು ನಮಾಜು ಮಾಡುವಾಗ ಕ್ರೈಸ್ತರು ಕೈಕೈ ಹಿಡಿದು ಸುತ್ತ ಕಾವಲು ನಿಂತರು. ಕ್ರೈಸ್ತರು ಪೂಜೆ ನಡೆಸಿದಾಗ ಮುಸಲ್ಮಾನರು ಕಾವಲಾದರು. ಪ್ರಾಚೀನ ವಸ್ತುಗಳ ಸಂಗ್ರಹಾಲಯಕ್ಕೆ ಕಳ್ಳರು ನುಗ್ಗಿದ ರಾತ್ರಿ ಸಾಮಾನ್ಯ ನಾಗರಿಕರೇ ಅದರ ಮುಂದೆ ಸಾಲುಗಟ್ಟಿ ನಿಂತರು. ಇವರಾರೂ ವಚನಗಳ ಹೆಸರನ್ನು ಕೇಳಿದವರಲ್ಲ. ಆದರೆ ದಾಸೋಹವು ಒಂದು ನಾಡಿನ ಅಥವಾ ಒಂದು ಮತದ ಕಟ್ಟಿನೊಳಗೆ ನಿಲ್ಲುವ ವಸ್ತುವೆಂದು ಶರಣರು ಎಲ್ಲಿಯೂ ಹೇಳಿಲ್ಲ.

ಫೆಬ್ರುವರಿ 10ರ ರಾತ್ರಿ ಮುಬಾರಕನು ಗದ್ದುಗೆ ಬಿಡುವನೆಂದು ಲಕ್ಷಾಂತರ ಜನ ಕಾದರು. ಆತನು ಬಿಡಲಿಲ್ಲ, ಜನರು ಸಿಟ್ಟಿನಿಂದ ಪಾದರಕ್ಷೆಗಳನ್ನು ಎತ್ತಿ ತೋರಿಸಿದರು. ಮರುದಿನ ಶುಕ್ರವಾರ ಸಂಜೆ ಉಪಾಧ್ಯಕ್ಷನಾದ ಓಮರ್ ಸುಲೇಮಾನ್‌ನು ದೂರದರ್ಶನದಲ್ಲಿ ಕಾಣಿಸಿಕೊಂಡು, ಅಧ್ಯಕ್ಷನು ಪದತ್ಯಾಗ ಮಾಡಿರುವನೆಂದೂ ಆಡಳಿತವನ್ನು ಸೈನ್ಯದ ಮಂಡಲಿಗೆ ಒಪ್ಪಿಸಲಾಗಿದೆಯೆಂದೂ ಎರಡು ಮೂರು ವಾಕ್ಯಗಳಲ್ಲಿ ಹೇಳಿ ಮುಗಿಸಿದನು. ಮೂವತ್ತು ವರ್ಷಗಳ ಪ್ರಭುತ್ವವು ಒಂದು ನಿಮಿಷದೊಳಗಿನ ಮಾತಿನಲ್ಲಿ ಕರಗಿತು. ಆಗ ಎದ್ದ ಹರ್ಷಧ್ವನಿಯನ್ನು ಬಣ್ಣಿಸುವುದು ಕಷ್ಟ. ಗುರುತಿಲ್ಲದವರು ಅಪ್ಪಿಕೊಂಡರು, ಮುದುಕರು ಮಕ್ಕಳಂತೆ ಅತ್ತರು, ಅನೇಕರು ಕುಳಿತಲ್ಲಿಯೇ ನೆಲಕ್ಕೆ ಹಣೆ ಹಚ್ಚಿ ದೇವರನ್ನು ಸ್ಮರಿಸಿದರು. ಈಜಿಪ್ತದವನೇ, ತಲೆಯೆತ್ತು ಎಂಬ ಅರ್ಥದ ಘೋಷಣೆಯು ನೈಲ್ ನದಿಯ ಎರಡೂ ದಡಗಳಲ್ಲಿ ಮೊಳಗಿತು. ತಲೆ ತಗ್ಗಿಸಿ ನಡೆದು ಅಭ್ಯಾಸವಾದವರಿಗೆ ತಲೆಯೆತ್ತುವುದೇ ಒಂದು ದೀಕ್ಷೆಯಲ್ಲವೆ?

ಎಲ್ಲರೂ ಹರ್ಷಿಸಿದರೆಂದು ಹೇಳುವುದು ಸತ್ಯವಾಗಲಾರದು. ಈಜಿಪ್ತದ ಮಣ್ಣಿನಲ್ಲಿಯೇ ಸಾಯುವೆನೆಂದು ಮುಬಾರಕನು ಫೆಬ್ರುವರಿ 1ರಂದು ಆಡಿದ ಮಾತಿಗೆ ಮನಕರಗಿದವರೂ ಇದ್ದರು. ಮುಂದೇನು ಗತಿಯೆಂದು ಬಾಗಿಲು ಹಾಕಿಕೊಂಡವರೂ ಇದ್ದರು. ಹರ್ಷದ ಆ ರಾತ್ರಿಯಲ್ಲಿಯೇ, ಆ ಚೌಕದಲ್ಲಿಯೇ, ವಾರ್ತೆ ಸಂಗ್ರಹಿಸಲು ಬಂದ ಪರದೇಶದ ಹೆಣ್ಣುಮಗಳೊಬ್ಬಳ ಮೇಲೆ ಗುಂಪೊಂದು ಬಿದ್ದು ಪಶುಗಳಂತೆ ವರ್ತಿಸಿತು. ಅಲ್ಲಿಯ ಹೆಂಗಸರೂ ಕೆಲವರು ಸೈನಿಕರೂ ಆಕೆಯನ್ನು ಉಳಿಸಿದರು. ಈ ಸಂಗತಿಯನ್ನು ಮರೆಸಿ ಆ ರಾತ್ರಿಯನ್ನು ಹೊಗಳುವವರು ಹರ್ಷದ ಸ್ವಭಾವವನ್ನೇ ಅರಿಯದವರು. ಸೆರೆಮನೆಯ ಬಾಗಿಲು ತೆರೆದಾಗ ಒಳಗಿದ್ದ ಸಾಧುವೂ ಹೊರಬರುತ್ತಾನೆ, ಕಳ್ಳನೂ ಹೊರಬರುತ್ತಾನೆ. ಹಾಗೆಯೇ ಭಯದ ಬಾಗಿಲು ತೆರೆದಾಗ ಮನಸ್ಸಿನೊಳಗಿದ್ದುದೆಲ್ಲವೂ ಬೀದಿಗೆ ಬರುತ್ತದೆ.

ಆದರೆ ಭಕ್ತರು ನಿಂತು ನೋಡಬೇಕಾದುದು ಆ ರಾತ್ರಿಯನ್ನಲ್ಲ, ಮರುದಿನದ ಬೆಳಗನ್ನು. ಫೆಬ್ರುವರಿ 12ರ ಶನಿವಾರ ಮುಂಜಾನೆ ಸಾವಿರಾರು ತರುಣ ತರುಣಿಯರು ಮನೆಗಳಿಂದ ಕಸಬರಿಗೆ, ಬುಟ್ಟಿ, ಚೀಲಗಳನ್ನು ಹಿಡಿದುಕೊಂಡು ತಹ್ರೀರ್ ಚೌಕಕ್ಕೆ ಬಂದರು. ಯಾರೂ ಅಪ್ಪಣೆ ಮಾಡಿರಲಿಲ್ಲ. ಯಾರೂ ಕೂಲಿ ಕೊಡುವವರಿರಲಿಲ್ಲ. ಹದಿನೆಂಟು ದಿನಗಳ ಕಸವನ್ನು ಗುಡಿಸಿದರು. ಪೋಲೀಸರೊಡನೆ ಹೋರಾಡುವಾಗ ತಾವೇ ಕಿತ್ತಿದ್ದ ನೆಲಗಲ್ಲುಗಳನ್ನು ಮರಳಿ ಜೋಡಿಸಿದರು. ಕಸ್ರ್ ಅಲ್ ನೀಲ್ ಸೇತುವೆಯ ಬಳಿಯ ಕಂಚಿನ ಸಿಂಹಗಳ ಮೇಲೆ ಬರೆದಿದ್ದ ಬರಹಗಳನ್ನು ತಿಕ್ಕಿ ತೊಳೆದರು. ಬೀದಿಯಂಚಿನ ಕಲ್ಲುಗಳಿಗೆ ಬಣ್ಣ ಬಳಿದರು. ತೊಂದರೆಗೆ ಕ್ಷಮೆಯಿರಲಿ, ದೇಶವನ್ನು ಕಟ್ಟುತ್ತಿದ್ದೇವೆ ಎಂಬ ಅರ್ಥದ ಚೀಟಿಗಳನ್ನು ಕೆಲವರು ಮೈಮೇಲೆ ಅಂಟಿಸಿಕೊಂಡಿದ್ದರು. ವಿದ್ಯಾವಂತರು, ವೈದ್ಯರು, ಸಿರಿವಂತರ ಮನೆಯ ಹೆಣ್ಣುಮಕ್ಕಳು ಬೀದಿಯ ಕಸಕ್ಕೆ ಕೈಹಾಕಿದ್ದನ್ನು ಕಂಡು ಆ ನಗರವೇ ಬೆರಗಾಯಿತು.

ಇಲ್ಲಿ ಶರಣೆ ಸತ್ಯಕ್ಕನನ್ನು ನೆನೆಯದೆ ಇರುವುದಾದರೂ ಹೇಗೆ? ಶಿರಾಳಕೊಪ್ಪದ ಸಮೀಪದ ಜಂಬೂರಿನವಳೆಂದು ಹೇಳಲಾಗುವ ಆ ತಾಯಿಯ ಕಾಯಕವು ಶರಣರ ಮನೆಯಂಗಳವನ್ನು ಗುಡಿಸುವುದು. ಕಸಬರಿಗೆಯನ್ನು ಹಿಡಿದ ಕೈಯಿಂದಲೇ ಆಕೆ ಶಿವನನ್ನು ಪೂಜಿಸಿದಳು. ಅಷ್ಟೇ ಅಲ್ಲ, ಲಂಚಕ್ಕೆ ತನ್ನ ಕೈ ಎಂದಿಗೂ ಚಾಚದೆಂದೂ, ಹಾದಿಯಲ್ಲಿ ಬಿದ್ದ ಬಂಗಾರವನ್ನು ಕಂಡರೂ ಎತ್ತಿಕೊಳ್ಳೆನೆಂದೂ ತನ್ನ ದೇವನ ಮುಂದೆ ಪ್ರತಿಜ್ಞೆಗೈದಳು. ಅಂಗಳ ಗುಡಿಸುವುದಕ್ಕೂ ಲಂಚವನ್ನು ನಿರಾಕರಿಸುವುದಕ್ಕೂ ಏನು ಸಂಬಂಧವೆಂದು ಮೇಲ್ನೋಟಕ್ಕೆ ತೋರಬಹುದು. ಸತ್ಯಕ್ಕನಿಗೆ ಅವೆರಡೂ ಒಂದೇ ಕೆಲಸ. ನೆಲದ ಮೇಲಿನ ಕಸವನ್ನು ಕಸವೆಂದು ಕಂಡು, ನೆಲದ ಮೇಲಿನ ಹೊನ್ನನ್ನು ತನ್ನದೆಂದು ಕಾಣುವ ಕಣ್ಣು ಇನ್ನೂ ಶುದ್ಧವಾಗಿಲ್ಲ. ಒಳಗಣ ಶುದ್ಧಿ ಹೊರಗಣ ಶುದ್ಧಿಗಳನ್ನು ಬಸವಣ್ಣನವರು ಒಂದೇ ಉಸಿರಿನಲ್ಲಿ ಹೇಳಿದುದರ ಅಭಿಪ್ರಾಯವೂ ಇದೇ.

ಅದುವರೆಗೆ ಕೈರೋ ನಗರದ ಬೀದಿಯು ಸರಕಾರದ್ದಾಗಿತ್ತು. ತನ್ನದಲ್ಲದ ಬೀದಿಯನ್ನು ಯಾರು ಗುಡಿಸುವರು? ಆ ಬೆಳಗಿನಲ್ಲಿ ಜನರಿಗೆ ಬೀದಿಯು ತಮ್ಮದೆಂಬ ಅರಿವು ಮೂಡಿತು. ಆದಕಾರಣ ಅವರ ಹರ್ಷವು ಮುಬಾರಕನ ಪತನದಲ್ಲಿ ನಿಂತ ಹರ್ಷವಲ್ಲ. ಕಾಯಕವಾಗಿ ಇಳಿದ ಹರ್ಷ. ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ಇಲ್ಲಿಯೇ ದೊರೆಯುತ್ತದೆ. ಬಿದ್ದವನನ್ನು ನೋಡಿ ನಗುವ ಹರ್ಷವು ಅವನೊಡನೆಯೇ ನೆಲಕ್ಕೆ ಬೀಳುತ್ತದೆ. ಎದ್ದು ಅಂಗಳ ಗುಡಿಸುವ ಹರ್ಷಕ್ಕೆ ಬಿದ್ದವನ ನೆನಪೂ ಬೇಕಾಗುವುದಿಲ್ಲ.

ಆದರೆ ಆ ಬೆಳಗಿನ ಕಸಬರಿಗೆಯು ಚೌಕವನ್ನು ಗುಡಿಸಿತು, ಗದ್ದುಗೆಯನ್ನು ಗುಡಿಸಲಿಲ್ಲ. ಸೈನ್ಯವೂ ಜನರೂ ಒಂದೇ ಕೈ ಎಂದು ಕೂಗಿ ಜನರು ಮನೆಗೆ ಮರಳಿದರು. ಸೈನ್ಯದ ಮಂಡಲಿಯು ಮೊದಲ ಏಳೆಂಟು ತಿಂಗಳಲ್ಲಿಯೇ 11,000ಕ್ಕೂ ಮಿಕ್ಕಿ ನಾಗರಿಕರನ್ನು ಸೈನಿಕ ನ್ಯಾಯಾಲಯಗಳ ಮುಂದೆ ನಿಲ್ಲಿಸಿತು. ಅಕ್ಟೋಬರ 9ರಂದು ಚೌಕದ ಸಮೀಪದಲ್ಲಿಯೇ 20ಕ್ಕೂ ಹೆಚ್ಚು ಕ್ರೈಸ್ತರು ಸೈನಿಕರ ಕೈಯಲ್ಲಿ ಮಡಿದರು. ಎಂಟು ತಿಂಗಳ ಹಿಂದೆ ಕೈಹಿಡಿದು ಕಾವಲು ನಿಂತಿದ್ದವರು ಇವರೇ. 2012ರ ಜೂನಿನಲ್ಲಿ ಜನರ ಮತದಿಂದ ಅಧ್ಯಕ್ಷನಾದ ಮೊಹಮ್ಮದ್ ಮೊರ್ಸಿಯು ಐದು ತಿಂಗಳೊಳಗೆ ತನ್ನ ಆಜ್ಞೆಗಳನ್ನು ನ್ಯಾಯಾಲಯಗಳು ಪ್ರಶ್ನಿಸಕೂಡದೆಂದು ಘೋಷಿಸಿದನು. ಆಯ್ದಕ್ಕಿ ಮಾರಯ್ಯನು ಅಂದಿಗೆ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ದಿನ ಶರಣೆ ಲಕ್ಕಮ್ಮನು ಅದನ್ನು ಬೇಯಿಸಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಕಳುಹಿಸಿದಳು. ಗೆದ್ದವರ ಮನೆಯಲ್ಲಿ ಅಂಥ ಒಬ್ಬ ಲಕ್ಕಮ್ಮನಾದರೂ ಇರಬೇಕು. ಕೈರೋದ ಅರಮನೆಯಲ್ಲಿ ಇರಲಿಲ್ಲ.

2013ರ ಜುಲೈ 3ರಂದು ಸೇನಾಪತಿಯಾದ ಅಬ್ದುಲ್ ಫತ್ತಾಹ್ ಅಲ್ ಸಿಸಿಯು ಮೊರ್ಸಿಯನ್ನು ಇಳಿಸಿದಾಗ ಅದೇ ಚೌಕವು ಮತ್ತೆ ತುಂಬಿತು, ಮತ್ತೆ ಬಾಣಬಿರುಸುಗಳು ಹಾರಿದವು. ಮೊದಲನೆಯ ಹರ್ಷದಲ್ಲಿ ಯಾವ ನಾಯಕನ ಚಿತ್ರವೂ ಇರಲಿಲ್ಲ. ಎರಡನೆಯದರಲ್ಲಿ ಜನರು ಸೇನಾಪತಿಯ ಚಿತ್ರವನ್ನು ಎತ್ತಿ ಹಿಡಿದಿದ್ದರು. ಎರಡು ಹರ್ಷಗಳ ಅಂತರವೆಲ್ಲ ಇಷ್ಟರಲ್ಲಿಯೇ ಇದೆ. ಆಗಸ್ಟ 14ರಂದು ಆ ನಗರದ ಮತ್ತೊಂದು ಚೌಕದಲ್ಲಿ ಮೊರ್ಸಿಯ ಪಕ್ಷದವರು ಒಂದೇ ದಿನದಲ್ಲಿ ನೂರಾರು ಸಂಖ್ಯೆಯಲ್ಲಿ ಹತರಾದರು. ಹಿಂದಿನ ತಿಂಗಳು ಹರ್ಷಿಸಿದವರಲ್ಲಿ ಅನೇಕರು ಸುಮ್ಮನಿದ್ದರು.

ಕಲ್ಯಾಣದ ಕಥೆಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಬಿಜ್ಜಳನು ಚಾಲುಕ್ಯರ ಸಿಂಹಾಸನವನ್ನು ತಾನೇ ಆಕ್ರಮಿಸಿದವನು. ಹರಳಯ್ಯ ಮಧುವರಸರಿಗೆ ಆತನು ವಿಧಿಸಿದ ಶಿಕ್ಷೆಯನ್ನು ಪರಂಪರೆಯು ಇಂದಿಗೂ ಕಣ್ಣೀರಿನಿಂದ ಸ್ಮರಿಸುತ್ತದೆ. ಆತನ ಅಂತ್ಯವನ್ನು ಕಾವ್ಯಪುರಾಣಗಳು ಬಗೆಬಗೆಯಾಗಿ ಹೇಳಿವೆ; ಆದರೆ ಅದರಿಂದ ಶರಣರಿಗೆ ಕಲ್ಯಾಣವು ದೊರೆಯಲಿಲ್ಲವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಣ್ಣನವರು ಕೂಡಲಸಂಗಮಕ್ಕೆ ತೆರಳಿದ್ದರು. ಚೆನ್ನಬಸವಣ್ಣನವರೊಡನೆ ಶರಣರ ಸಮೂಹವು ಉಳವಿಯ ಕಾಡಿನ ಹಾದಿ ಹಿಡಿಯಿತು. ಗದ್ದುಗೆಯ ಮೇಲೆ ಬಿಜ್ಜಳನ ಮಗ ಸೋವಿದೇವನು ಕುಳಿತನು. ಹಾಗಾದರೆ ಶರಣರ ಪ್ರಯತ್ನವೆಲ್ಲ ವ್ಯರ್ಥವಾಯಿತೆ? ಸೋವಿದೇವನ ಹೆಸರು ಇಂದು ಶಾಸನಗಳನ್ನು ಓದುವವರಿಗೆ ಮಾತ್ರ ಗೊತ್ತು. ಸತ್ಯಕ್ಕನ ಕಸಬರಿಗೆಯನ್ನು ಹಳ್ಳಿಯ ಮುದುಕಿಯೂ ಬಲ್ಲಳು.

ಮುಬಾರಕನ ಕಡೆಯ ದಿನಗಳ ಮಾತೊಂದು ಉಳಿದಿದೆ. 2011ರ ಆಗಸ್ಟಿನಲ್ಲಿ ಆತನನ್ನು ಮಂಚದ ಮೇಲೆ ಮಲಗಿಸಿಕೊಂಡೇ ತಂದು ನ್ಯಾಯಾಲಯದ ಕಬ್ಬಿಣದ ಪಂಜರದೊಳಗಿಟ್ಟರು. ಕೆಲವರು ಕುಣಿದರು, ಮಡಿದವರ ತಾಯಂದಿರು ಮಕ್ಕಳ ಚಿತ್ರಗಳನ್ನು ಹಿಡಿದು ಹೊರಗೆ ನಿಂತಿದ್ದರು, ಮುದುಕನ ಸ್ಥಿತಿಗೆ ಮರುಗಿದವರೂ ಇದ್ದರು. ಮರುಗಿದವರನ್ನು ಹಳಿಯುವುದು ತರವಲ್ಲ, ದಯೆಯೇ ಇಲ್ಲದ ಕಡೆ ಧರ್ಮಕ್ಕೆ ನೆಲೆಯೆಲ್ಲಿ? ಆದರೆ ಆ ದಯೆಯು ಹೊರಗೆ ನಿಂತ ತಾಯಿಯನ್ನು ಮೊದಲು ಮುಟ್ಟಿ ಅನಂತರ ಪಂಜರದೊಳಕ್ಕೆ ಹೋಗಬೇಕು. ಹಾಗಾಗಲಿಲ್ಲ. 2012ರಲ್ಲಿ ಜೀವಾವಧಿ ಶಿಕ್ಷೆಗೊಳಗಾದ ಮುಬಾರಕನು 2017ರಲ್ಲಿ, ಕೊಲೆಗಳಿಗೆ ಹೊಣೆಯಲ್ಲವೆಂಬ ಕಡೆಯ ತೀರ್ಪನ್ನು ಪಡೆದು ಮನೆಗೆ ಮರಳಿದನು. 2020ರ ಫೆಬ್ರುವರಿ 25ರಂದು ತನ್ನ 91ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ದೇಶದಲ್ಲಿ ಮೂರು ದಿನ ಶೋಕಾಚರಣೆಯಾಯಿತು. ಸೈನಿಕ ಮರ್ಯಾದೆಯೊಡನೆ ಹೂಳಿದರು.

2020ರಲ್ಲಿ ತಹ್ರೀರ್ ಚೌಕದ ನಡುವೆ ಫೇರೋ ದೊರೆ ರಾಮ್ಸೆಸನ ಕಾಲದ ಶಿಲಾಸ್ತಂಭವೊಂದನ್ನು ನಿಲ್ಲಿಸಿ, ಸುತ್ತಲೂ ಲಕ್ಸೋರಿನಿಂದ ತಂದ ಟಗರುಮೊಗದ ನಾಲ್ಕು ಶಿಲಾಮೂರ್ತಿಗಳನ್ನು ಇರಿಸಲಾಯಿತು. ಹಸಿರು ಹುಲ್ಲು, ಇರುಳಲ್ಲಿ ದೀಪಗಳ ಸಾಲು, ಕಾವಲುಗಾರರು, ಚೌಕವು ನಿರ್ಮಲವಾಯಿತು. ಆದರೆ ಊರ ಕೆಳಗೆ ಓಡುವ ರೈಲಿನಲ್ಲಿ, ಹಿಂದೆ ಮುಬಾರಕನ ಹೆಸರು ಹೊತ್ತಿದ್ದ ನಿಲ್ದಾಣಕ್ಕೆ 2011ರಲ್ಲಿ ಹುತಾತ್ಮರೆಂಬ ಅರ್ಥದ ಅಲ್ ಶುಹದಾ ಎಂಬ ಹೆಸರನ್ನಿಟ್ಟಿದ್ದರು. ಮುಂದೆ ಬಂದ ಪ್ರಭುತ್ವಗಳು ಹಳೆಯ ಹೆಸರನ್ನು ಮರಳಿ ಬರೆಸಲಿಲ್ಲ.