ಪ್ರವೃತ್ತಿಯ ಪರಾಧೀನತೆ

1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು ಈಗ ಕರ್ನೂಲಿನ ಪಶ್ಚಿಮ ಭಾಗವಾಗಿರುವ ಆದೋನಿ ಸೀಮೆಗೆ ಮಾಧ್ವ ಸಿದ್ಧಾಂತ ಹೊಸದಲ್ಲ. 1671ರಲ್ಲಿ ಅಲ್ಲಿನ ಮಂತ್ರಾಲಯದಲ್ಲಿ ಬೃಂದಾವನಸ್ಥರಾದ ರಾಘವೇಂದ್ರತೀರ್ಥರು ಜಯತೀರ್ಥರ 'ನ್ಯಾಯಸುಧೆ'ಗೆ 'ಪರಿಮಳ'ವೆಂಬ ವ್ಯಾಖ್ಯಾನ ಬರೆದವರು. ಆ ಜಯತೀರ್ಥರೇ ಮಧ್ವರ 'ತತ್ತ್ವಸಂಖ್ಯಾನ'ವನ್ನು ವಿವರಿಸುತ್ತ, ಸ್ವರೂಪ ಎಂದರೆ ಇರವು, ಪ್ರಮಿತಿ ಎಂದರೆ ಯಥಾರ್ಥಜ್ಞಾನ, ಪ್ರವೃತ್ತಿ ಎಂದರೆ ಕ್ರಿಯೆ, ಈ ಮೂರರಲ್ಲೂ ಪರಾಪೇಕ್ಷೆಯಿಲ್ಲದ್ದು ಸ್ವತಂತ್ರ, ಉಳಿದದ್ದು ಅಸ್ವತಂತ್ರ ಎಂದು ಲಕ್ಷಣ ಹೇಳುತ್ತಾರೆ.

ಈ ವಿಭಾಗದ ಸೂಕ್ಷ್ಮತೆ ಗಣಕತಂತ್ರದ ಒಂದು ಪ್ರಸಂಗದಲ್ಲಿ ಚೆನ್ನಾಗಿ ಕಾಣುತ್ತದೆ. ತೆರೆಯ ಮೇಲೆ ಬಟನ್ನು, ಪಟ್ಟಿ, ಚಿತ್ರಗಳನ್ನು ಮೂಡಿಸುವ ಕ್ಯೂಟಿ ಎಂಬ ತಂತ್ರಾಂಶ ಚೌಕಟ್ಟಿನಲ್ಲಿ, ಬಟನ್ನು ಒತ್ತಿದಾಗ ಏನಾಗಬೇಕೆಂಬುದನ್ನು ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಬರೆಯಬಹುದು. ಅದನ್ನು ಓದಿ ನಡೆಸುವ ತಂತ್ರಾಂಶವೇ ಎಂಜಿನ್. 2012ರ ಡಿಸೆಂಬರಿನಲ್ಲಿ ಬಂದ 5.0 ಆವೃತ್ತಿ ಈ ಕೆಲಸಕ್ಕೆ ಗೂಗಲ್‌ನ ವಿ8 ಎಂಜಿನ್ನನ್ನು ನೆಚ್ಚಿತ್ತು. ಆಗಿನ ವಿ8 ಬರಹವನ್ನು ಸ್ಥಳದಲ್ಲೇ ಯಂತ್ರಭಾಷೆಗೆ ತಿರುಗಿಸಿ, ಸ್ಮೃತಿಯಲ್ಲಿ ಬರೆದು, ಅಲ್ಲಿಂದಲೇ ನಡೆಸುತ್ತಿತ್ತು. ಐಫೋನ್ ಸಾಮಾನ್ಯ ಆ್ಯಪ್‌ಗಳಿಗೆ ಇಂಥ ಅನುಮತಿ ಕೊಡುವುದಿಲ್ಲ. ಚಿತ್ರ ಬಿಡಿಸುವ ಭಾಗಗಳೆಲ್ಲ ಅಲ್ಲಿಗೆ ಸಾಗಬಲ್ಲವಾಗಿದ್ದರೂ ಎಂಜಿನ್ ಸಾಗದೆ ನಿಂತಿತು, ಅಂದರೆ ಸ್ವರೂಪಕ್ಕೆ ಕುಂದಿಲ್ಲದೆ ಪ್ರವೃತ್ತಿ ಮಾತ್ರ ತಡೆಗೊಂಡಿತು. 2013ರ ಡಿಸೆಂಬರಿನ 5.2 ಆವೃತ್ತಿಯಲ್ಲಿ ವಿ8ರ ಜಾಗಕ್ಕೆ, ಯಂತ್ರಭಾಷೆಯನ್ನು ಹುಟ್ಟಿಸದೆಯೂ ಬರಹವನ್ನು ಅರ್ಥೈಸಿ ನಡೆಸಬಲ್ಲ ಸ್ವಂತ ಎಂಜಿನ್ ವಿ4 ಬಂತು.

ಹಾಗೆಂದು ಚೌಕಟ್ಟು ಸ್ವತಂತ್ರವಾಯಿತೆನ್ನುವುದು ಅವಸರದ ಮಾತು. ವಿ4 ಸಹ ಕಂಪೈಲರನ್ನು, ಪ್ರೊಸೆಸರನ್ನು, ಫೋನು ತಯಾರಿಸುವವರ ಕಟ್ಟಳೆಯನ್ನು ಅಪೇಕ್ಷಿಸುತ್ತದೆ. ಒಡೆಯ ಬದಲಾದನೇ ಹೊರತು ಒಡೆತನ ಅಳಿಯಲಿಲ್ಲ. ಹೀಗೆ ಒಂದಕ್ಕೊಂದು ಆಶ್ರಯ ಹುಡುಕುತ್ತ ಕೊನೆಯೇ ಸಿಗದಿರುವುದನ್ನು ಶಾಸ್ತ್ರ ಅನವಸ್ಥೆಯೆಂಬ ದೋಷವಾಗಿ ಎಣಿಸುತ್ತದೆ, ಆದರೆ ಎಂಜಿನಿಯರನಿಗೆ ಅದು ದೋಷವೇ ಅಲ್ಲ, ಕೆಲಸ ನಡೆದ ಕಡೆ ಅವನು ಪ್ರಶ್ನೆ ನಿಲ್ಲಿಸುತ್ತಾನೆ. ಮಧ್ವರು ಮಾತ್ರ ವಿಷ್ಣುವೊಬ್ಬನನ್ನೇ ಸ್ವತಂತ್ರನೆಂದು ಒಪ್ಪಿ ಅಲ್ಲಿ ನಿಲ್ಲುತ್ತಾರೆ; ಹಾಗೆ ನಿಂತ ಮೇಲೂ ಜಗತ್ತು ಪರಾಧೀನವಾದ್ದರಿಂದಲೇ ಮಿಥ್ಯೆ ಎನ್ನಲು ಅವರು ಒಪ್ಪುವುದಿಲ್ಲ. ಎಂಜಿನ್ನನ್ನು ನೆಚ್ಚಿದ ಬಟನ್ನು ಬಟನ್ನೇ, ಭ್ರಮೆಯಲ್ಲ ಎಂಬಷ್ಟರ ಮಟ್ಟಿಗೆ ಈ ಹೋಲಿಕೆ ಸಲ್ಲುತ್ತದೆ.

ಅದರಾಚೆ ಸಲ್ಲುವುದಿಲ್ಲ. ವಿ8 ಬೇಡವಾದಾಗ ವಿ4 ಬರೆಯಬಹುದು, 2019ರಲ್ಲಿ ವಿ8 ತಾನೇ ಯಂತ್ರಭಾಷೆ ಹುಟ್ಟಿಸದೆ ನಡೆಯುವ ಬಗೆಯನ್ನೂ ಅಳವಡಿಸಿಕೊಂಡಿತು. ಜೀವನಿಗಾದರೋ ಆಶ್ರಯವನ್ನು ಬದಲಿಸುವ ಪ್ರಶ್ನೆಯೇ ಇಲ್ಲ, ಮುಕ್ತಿಯಲ್ಲೂ ಅವನು ಪರಾಧೀನನಾಗಿದ್ದುಕೊಂಡೇ ಆನಂದಿಸುತ್ತಾನೆ ಎಂಬುದು ಈ ಮತದ ನಿಲುವು.