ಉಪವಾಸದ ದಿನ ಬಂದ ಕರೆ



ವ್ರತೋಪವಾಸಗಳ ವಿಧಿ, ಕಥೆ, ಫಲ, ಉದ್ಯಾಪನೆಗಳ ವಿವರ ಈ ಪತ್ರಿಕೆಯಲ್ಲಿ ಸಂಚಿಕೆ ಸಂಚಿಕೆಗೂ ಬರುತ್ತಿರುವುದು ವಾಚಕರಿಗೆ ತಿಳಿದೇ ಇದೆ. ವಿಧಿಯನ್ನು ಪಾಲಿಸುವಾಗ ಎದುರಾಗುವ ಒಂದು ಸಂದಿಗ್ಧವನ್ನು ಕುರಿತು ಇಂದು ಬರೆಯಹೊರಟಿದ್ದೇನೆ. ಉಪವಾಸ ಹಿಡಿದಿರುವ ಶ್ರಾವಕನಿಗೆ ಕಷ್ಟದಲ್ಲಿರುವವರ ಕರೆ ಬಂದರೆ ಅವನು ಏನು ಮಾಡತಕ್ಕದ್ದು? ವ್ರತವನ್ನು ಕಾಯಬೇಕೆ, ನೆರೆಯವರನ್ನು ಕಾಯಬೇಕೆ? ಎರಡನ್ನೂ ಕಾಯಲಾಗದ ಹೊತ್ತಿನಲ್ಲಿ ಯಾವುದು ಧರ್ಮ? ಈ ಪ್ರಶ್ನೆಗೆ ನಾನು ಒಮ್ಮೆ ತಪ್ಪು ಉತ್ತರ ಕೊಟ್ಟವನು. ಆ ತಪ್ಪನ್ನು ಮುಚ್ಚಿಟ್ಟು ಉಪದೇಶ ಮಾಡುವುದು ಉಚಿತವಲ್ಲವಾದುದರಿಂದ ಮೊದಲು ಅದನ್ನೇ ನಿವೇದಿಸುತ್ತೇನೆ.

2019ರ ಆಗಸ್ಟ್ ತಿಂಗಳನ್ನು ಶಿವಮೊಗ್ಗದವರು ಸುಲಭವಾಗಿ ಮರೆಯಲಾರರು. ಮಲೆನಾಡಿನಲ್ಲಿ ಬಿಡುವಿಲ್ಲದೆ ಸುರಿದ ಮಳೆಗೆ ತುಂಗೆ ದಡ ಮೀರಿದಳು. ಕೋರ್ಪಲಯ್ಯನ ಛತ್ರದ ಬಳಿ ಹೊಳೆಯ ನಡುವಣ ಮಂಟಪ ಮುಳುಗಿತೆಂದರೆ ಹೊಳೆ ತುಂಬಿತೆಂಬುದು ನಮ್ಮೂರಿನ ಲೆಕ್ಕ. ಆ ವರ್ಷ ಮಂಟಪ ಮುಳುಗಿದ್ದಷ್ಟೇ ಅಲ್ಲ, ತಗ್ಗಿನ ಬೀದಿಗಳ ಮನೆಗಳಿಗೂ ನೀರು ನುಗ್ಗಿತು. ಜನರು ಹಾಸಿಗೆ, ಪಾತ್ರೆ, ಮಕ್ಕಳನ್ನು ಎತ್ತಿಕೊಂಡು ಗಂಜಿ ಕೇಂದ್ರಗಳಿಗೆ ನಡೆದರು. ಆ ವಾರದಲ್ಲಿಯೇ ಶ್ರಾವಣ ಶುದ್ಧ ಅಷ್ಟಮಿಯ ಪರ್ವವೂ ಬಂದಿತ್ತು.

ನನ್ನ ಬಳಿ ಚಿಕ್ಕಂದಿನಲ್ಲಿ ಧರ್ಮಪಾಠ ಓದಿದ ಭದ್ರಾವತಿಯ ಹುಡುಗನೊಬ್ಬ ಆಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದ. ಆ ಚಾತುರ್ಮಾಸದ ಎಲ್ಲ ಅಷ್ಟಮಿ, ಚತುರ್ದಶಿಗಳಲ್ಲಿ ಪ್ರೋಷಧೋಪವಾಸ ಮಾಡುವೆನೆಂದು ಬಸದಿಯಲ್ಲಿ ನನ್ನೆದುರಿಗೇ ನಿಯಮ ಹಿಡಿದಿದ್ದ. ಪ್ರೋಷಧವೆಂದರೆ ಕೇವಲ ಅನ್ನ ಬಿಡುವುದಲ್ಲ. ಸಪ್ತಮಿಯ ಏಕಭುಕ್ತದಿಂದ ನವಮಿಯ ಏಕಭುಕ್ತದವರೆಗೆ ಗೃಹಕೃತ್ಯದ ಆರಂಭಗಳನ್ನೆಲ್ಲ ತೊರೆದು ಧರ್ಮಧ್ಯಾನದಲ್ಲಿ ಕಾಲ ಕಳೆಯುವುದು ಎಂಬುದು ವಾಚಕರಿಗೆ ವಿದಿತವೇ ಆಗಿದೆ. ಅಷ್ಟಮಿಯ ಬೆಳಗ್ಗೆ ಆ ಹುಡುಗನನ್ನು ಗೆಳೆಯರು ಕರೆದರು. ಅವನು ಹೋದ. ಸೊಂಟದ ಮಟ್ಟದ ನೀರಿನಲ್ಲಿ ನಡೆದು, ಎದ್ದು ನಡೆಯಲಾರದ ವೃದ್ಧರನ್ನು ಬೆನ್ನ ಮೇಲೆ ಹೊತ್ತು ತಂದ. ಅಪರಾಹ್ನ ಮೂರರ ಹೊತ್ತಿಗೆ ಕಣ್ಣು ಕತ್ತಲೆ ಬಂದು ಕುಸಿದು ಕುಳಿತಾಗ, ಅವನು ಹೊತ್ತು ತಂದಿದ್ದ ಅಜ್ಜಿಯೇ ತನಗೆ ಕೊಟ್ಟಿದ್ದ ಗಂಜಿಯ ಲೋಟವನ್ನು ಅವನ ಬಾಯಿಗೆ ಹಿಡಿದಳು. ಅವನು ಕುಡಿದ. ಕುಡಿದು ಮತ್ತೆ ನೀರಿಗಿಳಿದ.

ಸಂಜೆ ಒದ್ದೆ ಬಟ್ಟೆಯಲ್ಲಿಯೇ ನನ್ನ ಮನೆಯ ಬಾಗಿಲಿಗೆ ಬಂದು, "ಮೇಷ್ಟ್ರೇ, ಇವತ್ತು ನಿಯಮ ಮುರಿದೆ" ಎಂದ. ನಾನು ಕಾರಣ ಕೇಳಿದೆ, ಹೇಳಿದ. ಆ ದಿನವಿಡೀ ಒಣಗಿದ ಧೋತ್ರ ಉಟ್ಟು ಸ್ವಾಧ್ಯಾಯದಲ್ಲಿ ಕುಳಿತಿದ್ದ ನಾನು ಆಡಿದ ಮಾತು ಇದು: "ಒಂದು ದಿನದ ಹಸಿವು ತಡೆಯಲಾರದವನು ನಿಯಮ ಏಕೆ ಹಿಡಿದೆ? ಹೊರಲು ಊರಿನಲ್ಲಿ ಬೇರೆ ಯಾರೂ ಇರಲಿಲ್ಲವೆ?" ಅವನು ಎದುರು ಮಾತಾಡದೆ ನಮಸ್ಕರಿಸಿ ಹೊರಟುಹೋದ. ನನ್ನ ಉಪವಾಸ ನಿರತಿಚಾರವಾಗಿ ನಡೆಯಿತೆಂಬ ಸಮಾಧಾನದಲ್ಲಿ ನಾನು ಮಲಗಿದೆ.

ವಾರ ಕಳೆದು ಶ್ರಾವಣ ಹುಣ್ಣಿಮೆ ಬಂದಿತು. ರಕ್ಷಾಬಂಧನದ ಆ ದಿನ ಬಸದಿಯಲ್ಲಿ ಮಕ್ಕಳಿಗೆ ವಿಷ್ಣುಕುಮಾರ ಮುನಿಗಳ ಕಥೆ ಹೇಳುವುದು ಬಹುವರ್ಷಗಳಿಂದ ನನ್ನ ಪಾಲಿನ ಕೆಲಸ. ಹಸ್ತಿನಾಪುರದಲ್ಲಿ ಅಕಂಪನಾಚಾರ್ಯರ ಸಂಘದ 700 ಮುನಿಗಳನ್ನು ಬಲಿಯೆಂಬ ಮಂತ್ರಿ, ವರವಾಗಿ ಪಡೆದ ಏಳು ದಿನಗಳ ರಾಜ್ಯಾಧಿಕಾರದ ಬಲದಿಂದ, ಯಜ್ಞದ ನೆಪದಲ್ಲಿ ಹೊಗೆ ಬೆಂಕಿಗಳ ನಡುವೆ ಸಿಲುಕಿಸಿದ. ವಿಕ್ರಿಯಾ ಋದ್ಧಿಯನ್ನು ಪಡೆದಿದ್ದ ವಿಷ್ಣುಕುಮಾರರು ತಮ್ಮ ಮುನಿತ್ವವನ್ನೇ ಕೆಲಕಾಲ ಬದಿಗಿರಿಸಿ, ವಾಮನರೂಪ ತಾಳಿ, ಮೂರು ಹೆಜ್ಜೆ ನೆಲ ಬೇಡಿ ಉಪಸರ್ಗವನ್ನು ನಿವಾರಿಸಿದರು ಎಂದು ಹೇಳುತ್ತಿದ್ದೆ. ಎದುರಿಗೆ ಕುಳಿತಿದ್ದ ಪುಟ್ಟ ಹುಡುಗಿಯೊಬ್ಬಳು, "ಅಜ್ಜಾ, ಮುನಿಗಳು ವ್ರತ ಬಿಡಬಹುದಾ? ತಪ್ಪಲ್ವಾ?" ಎಂದು ಕೇಳಿದಳು. "ತಪ್ಪೇ ಮಗು. ಅದಕ್ಕೇ ಅವರು ಆಮೇಲೆ ಪ್ರಾಯಶ್ಚಿತ್ತ ತೆಗೆದುಕೊಂಡರು" ಎಂದೆ. "ಹಾಗಾದರೆ ಹೋಗಬಾರದಿತ್ತಾ?" ಎಂದಳು. ನನಗೆ ಮುಂದಿನ ಮಾತು ಹೊರಡಲಿಲ್ಲ. ಗಂಜಿ ಕುಡಿದು ಮತ್ತೆ ನೀರಿಗಿಳಿದ ಹುಡುಗ ಕಣ್ಣ ಮುಂದೆ ನಿಂತಿದ್ದ.

ಇಷ್ಟು ವರ್ಷ ಹೇಳಿದ ಕಥೆಯ ಅರ್ಥ ನನಗೆ ಆಗಿರಲಿಲ್ಲವೆಂದು ಆಗ ತಿಳಿಯಿತು. ವಿಷ್ಣುಕುಮಾರರು ಎರಡು ಕೆಲಸ ಮಾಡಿದರು. ಹೋಗಬೇಕಾದಲ್ಲಿಗೆ ಹೋದರು. ಹಿಂದಿರುಗಿ ಬಂದಮೇಲೆ, ತಾವು ಮಾಡಿದ್ದು ಮಹೋಪಕಾರವಾದುದರಿಂದ ದೋಷವೇ ಇಲ್ಲವೆಂದು ವಾದಿಸದೆ, ಪ್ರಾಯಶ್ಚಿತ್ತ ಪಡೆದು ತಪಸ್ಸಿಗೆ ಮರಳಿದರು. ಹೋಗದೆ ಇದ್ದಿದ್ದರೆ ಅವರ ವ್ರತ ಉಳಿಯುತ್ತಿತ್ತು, 700 ಮುನಿಗಳು ಉಳಿಯುತ್ತಿರಲಿಲ್ಲ. ಪ್ರಾಯಶ್ಚಿತ್ತ ಪಡೆಯದೆ ಇದ್ದಿದ್ದರೆ, ನೆಪ ಸಿಕ್ಕಾಗಲೆಲ್ಲ ವ್ರತ ಬಿಡಬಹುದೆಂಬ ಸಡಿಲವನ್ನು ಮುಂದಿನವರಿಗೆ ಕಲಿಸಿದಂತಾಗುತ್ತಿತ್ತು. ವಾತ್ಸಲ್ಯಾಂಗಕ್ಕೆ ಅವರೇ ಉದಾಹರಣೆಯೆಂದು ಪೂರ್ವಾಚಾರ್ಯರು ಹೆಸರಿಸಿದ್ದು ಈ ಎರಡನ್ನೂ ಕೂಡಿಸಿಯೇ ಎಂದು ನನ್ನ ತಿಳಿವಳಿಕೆ.

ಶಾಸ್ತ್ರದ ಕ್ರಮವೂ ಇದಕ್ಕೆ ಹೊಂದುತ್ತದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಆರು ಬಾಹ್ಯತಪಗಳೂ ಆರು ಅಂತರಂಗತಪಗಳೂ ಹೇಳಲ್ಪಟ್ಟಿವೆ. ಅನಶನವು ಬಾಹ್ಯದಲ್ಲಿ ಮೊದಲನೆಯದು. ಅಂತರಂಗದಲ್ಲಿ ಪ್ರಾಯಶ್ಚಿತ್ತ, ವಿನಯಗಳ ನಂತರ ಮೂರನೆಯದೇ ವೈಯಾವೃತ್ಯ. ಸ್ವಾಧ್ಯಾಯ ಅದರ ಅನಂತರ ಬರುತ್ತದೆ. ಷೋಡಶಕಾರಣ ಭಾವನೆಗಳಲ್ಲಿಯೂ ಶೀಲವ್ರತಗಳಲ್ಲಿ ಅತಿಚಾರವಿಲ್ಲದಿರುವುದು ಮೂರನೆಯದು, ವೈಯಾವೃತ್ಯ ಒಂಬತ್ತನೆಯದು. ಭಾದ್ರಪದದಲ್ಲಿ ಈ ವ್ರತ ಹಿಡಿಯುವ ನಾವು ಹದಿನಾರನ್ನೂ ಭಾವಿಸುತ್ತೇವಲ್ಲದೆ, ಒಂದನ್ನು ಹಿಡಿದು ಮತ್ತೊಂದನ್ನು ಬಿಡುವುದಿಲ್ಲ. ಸಮಂತಭದ್ರಾಚಾರ್ಯರಂತೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳನ್ನು ಎಣಿಸುವಾಗ ಪ್ರೋಷಧೋಪವಾಸದ ಮಗ್ಗುಲಲ್ಲಿಯೇ ವೈಯಾವೃತ್ಯವನ್ನು ಇರಿಸಿದ್ದಾರೆ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು, ಅದು ನ್ಯಾಯವಾದುದೂ ಹೌದು. ಶಾಸ್ತ್ರದಲ್ಲಿ ವೈಯಾವೃತ್ಯವೆಂದರೆ ಆಚಾರ್ಯ, ಉಪಾಧ್ಯಾಯ, ತಪಸ್ವಿ, ರೋಗಪೀಡಿತ ಮುನಿ ಮೊದಲಾದವರ ಸೇವೆಯೇ ಹೊರತು, ಹೊಳೆದಂಡೆಯ ಅಜ್ಜಿಯನ್ನು ಹೊರುವುದಲ್ಲ. ಶಬ್ದಾರ್ಥವನ್ನು ನಮ್ಮ ಅನುಕೂಲಕ್ಕೆ ಹಿಗ್ಗಿಸುವುದು ನನಗೂ ಸಮ್ಮತವಲ್ಲ. ಆ ಅಜ್ಜಿಯ ವಿಷಯದಲ್ಲಿ ಸಲ್ಲುವುದು ಕರುಣೆ. ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯಗಳೆಂಬ ನಾಲ್ಕು ಭಾವನೆಗಳಲ್ಲಿ ಕಾರುಣ್ಯಕ್ಕೆ ಕ್ಲೇಶಪಡುವ ಜೀವಿ ಎಂಬುದೊಂದೇ ಲಕ್ಷಣ. ಆ ಜೀವಿ ಸಧರ್ಮಿಯೋ ಅಲ್ಲವೋ ಎಂಬ ಷರತ್ತಿಲ್ಲ. ಹೆಸರು ಬೇರೆಯಾದರೂ ಎರಡಕ್ಕೂ ದುಡಿಯುವ ಬೆನ್ನು ಒಂದೇ. ಬಳಲಿದ ಮುನಿಯ ಕಾಲೊತ್ತುವ ಭಾಗ್ಯ ನಮ್ಮ ತರುಣರಿಗೆ ವರ್ಷಕ್ಕೊಮ್ಮೆ ಬಂದೀತು. ಆ ದಿನಕ್ಕೆ ಕೈ ಪಳಗುವುದು ಉಳಿದ ದಿನಗಳ ಕರುಣೆಯಲ್ಲಿಯೇ.

ಇದರಿಂದ ಉಪವಾಸ ಕೀಳೆಂದು ಯಾರೂ ತಿಳಿಯಬಾರದು. ನಾನು ಕಂಡದ್ದು ಇದಕ್ಕೆ ವಿರುದ್ಧವಾಗಿದೆ. ಆ ಹುಡುಗ ಬರಿಹೊಟ್ಟೆಯಲ್ಲಿ ಬೆಳಗ್ಗಿನಿಂದ ಮೂರರವರೆಗೆ ಹೊಳೆಯ ನೀರಿನಲ್ಲಿ ನಿಂತದ್ದು ಹೇಗೆ? ಹಸಿವಿಗೆ ಹೆದರದಿರುವುದನ್ನು ಅವನಿಗೆ ಕಲಿಸಿದ್ದೇ ಹಿಂದಿನ ಉಪವಾಸಗಳು. ದೇಹದ ಮಮತೆ ಸಡಿಲಾಗಬೇಕೆಂದೇ ಅಲ್ಲವೆ ಅನಶನ? ಸಡಿಲಾದ ಮಮತೆ ಆ ದಿನ ಕೆಲಸಕ್ಕೆ ಬಂದಿತು. ನನ್ನ ಉಪವಾಸವೂ ಅವನಷ್ಟೇ ಉದ್ದದ್ದು. ಅದು ನನ್ನನ್ನು ಜಗಲಿಯಿಂದ ಕೆಳಗೆ ಇಳಿಸಲಿಲ್ಲ.

ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಾಗ, ನಾನು ಬಸ್ಸು ಹತ್ತಿ ಭದ್ರಾವತಿಯ ಅವನ ಮನೆಗೆ ಹೋದೆ. ಅಷ್ಟು ದಿನ ತಡಮಾಡಿದ್ದೂ ಮಾನಕಷಾಯದಿಂದಲೇ. ಕ್ಷಮೆ ಕೇಳಿದೆ. ಅವನು ಕಾಲಿಗೆ ಬಾಗಿ, "ಮೇಷ್ಟ್ರೇ, ಮುರಿದ ಉಪವಾಸಕ್ಕೆ ಎರಡು ಉಪವಾಸ ಹೆಚ್ಚಿಗೆ ಮಾಡಿದ್ದೇನೆ. ನೀರಿಗಿಳಿದದ್ದಕ್ಕೆ ಮಾತ್ರ ಏನೂ ಮಾಡಿಕೊಂಡಿಲ್ಲ" ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆವತ್ತು ಬೆಳಗ್ಗೆ ಹೊರಡುವ ಮುಂಚೆ ಕೇಳೋಣವೆಂದು ನಿಮಗೆ ಎರಡು ಸಲ ಫೋನ್ ಮಾಡಿದ್ದೆ" ಎಂದೂ ಹೇಳಿದ. ಪರ್ವದಿನವೆಂದು ನಾನು ಫೋನನ್ನು ಆರಿಸಿಟ್ಟಿದ್ದೆ.

ನೆರವಾಗುವುದಕ್ಕೂ ವ್ರತಕ್ಕಿರುವಂತೆ ವಿಧಿಯುಂಟು. ಅದನ್ನು ನಾನು ಕಂಡದ್ದು ಮರುವರ್ಷ, ಭದ್ರಾವತಿಯಲ್ಲಿ. ಆ ಊರನ್ನು ಬೆಳೆಸಿದವು ಎರಡು ಕಾರ್ಖಾನೆಗಳು: 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ ಮತ್ತು 1936ರಲ್ಲಿ ಸ್ಥಾಪಿತವಾದ ಮೈಸೂರು ಕಾಗದದ ಕಾರ್ಖಾನೆ. ನಾನಾ ಭಾಷೆ, ನಾನಾ ಮತಗಳ ಕುಟುಂಬಗಳು ಅವುಗಳ ನೆರಳಿನಲ್ಲಿ ನೆಲೆಸಿದವು, ನಮ್ಮ ಸಮಾಜದವರೂ ಕೂಡ. 2015ರಲ್ಲಿ ಕಾಗದದ ಉತ್ಪಾದನೆ ನಿಂತಿತು. 2020ರ ಮಾರ್ಚ್ 25ರಿಂದ ಕೊರೋನಾ ಲಾಕ್‌ಡೌನ್ ಬಂದಾಗ, ಮೊದಲೇ ಸೊರಗಿದ್ದ ಮನೆಗಳಲ್ಲಿ ಚಿಲ್ಲರೆ ದುಡಿಮೆಯೂ ಇಲ್ಲವಾಯಿತು. ಆ ಹುಡುಗನೂ ಅವನ ಓಣಿಯ ಗೆಳೆಯರೂ ಅಕ್ಕಿ, ತೊಗರಿಬೇಳೆ, ಬೆಲ್ಲ, ಎಣ್ಣೆಗಳ ಚೀಲ ಕಟ್ಟಿ ಹಂಚತೊಡಗಿದರು. ದಾನಿಗಳಿಗೆ ಲೆಕ್ಕ ತೋರಿಸಲೆಂದು ಚೀಲ ಕೊಡುವಾಗ ಫೋಟೋ ತೆಗೆಯುತ್ತಿದ್ದರು. ಕಾರ್ಖಾನೆಯ ಉಗ್ರಾಣದಲ್ಲಿ ದುಡಿದಿದ್ದ ಹಿರಿಯರೊಬ್ಬರು, ಬಸದಿಯ ಅಭಿಷೇಕಕ್ಕೆ ಪ್ರತಿವರ್ಷ ತಪ್ಪದೆ ಹಾಲು ಕೊಡುತ್ತಿದ್ದವರು, "ನಮಗೆ ಬೇಡಪ್ಪ, ಇನ್ನೂ ಕಷ್ಟದಲ್ಲಿರುವವರಿಗೆ ಕೊಡಿ" ಎಂದು ಬಾಗಿಲು ಹಾಕಿಕೊಂಡರು. ಅವರ ಅಡಿಗೆಮನೆಯ ಡಬ್ಬಗಳು ಬರಿದಾಗಿದ್ದುದು ನೆರೆಯವರಿಗೆ ತಿಳಿದಿತ್ತು.

ಅಂದು ರಾತ್ರಿ ಹುಡುಗ ಫೋನಿನಲ್ಲಿ ಕೇಳಿದಾಗ ನಾನು ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಹೇಳಿರುವ ನಾಲ್ಕು ದತ್ತಿಗಳನ್ನು ವಿವರಿಸಿದೆ. ದಯಾದತ್ತಿ ದುಃಖಿತರಿಗೆ, ಪಾತ್ರದತ್ತಿ ಮುನಿಗಳಿಗೆ, ಅನ್ವಯದತ್ತಿ ಮನೆತನದ ಉತ್ತರಾಧಿಕಾರಿಗೆ. ಸಮದತ್ತಿಯು ತನಗೆ ಸಮಾನನಾದ ಗೃಹಸ್ಥನಿಗೆ, ಸಮಾನನೆಂಬ ಆದರದಿಂದಲೇ ಕೊಡತಕ್ಕದ್ದು. ಆ ಹಿರಿಯರಿಗೆ ದಯೆಯ ಕೈಯಿಂದ ಕೊಡಹೋದದ್ದೇ ತಪ್ಪಾಗಿತ್ತು. ಎರಡು ದಿನ ಬಿಟ್ಟು ಹುಡುಗ ಬರಿಗೈಯಲ್ಲಿ ಹೋಗಿ, "ದೊಡ್ಡಪ್ಪ, ನಮಗೆ ಉಗ್ರಾಣದ ಲೆಕ್ಕ ಬರುವುದಿಲ್ಲ. ಸಾಮಾನನ್ನು ನಿಮ್ಮ ಜಗಲಿಯಲ್ಲಿ ಇಳಿಸಿದರೆ ಅಳೆದು ಬರೆದುಕೊಡುತ್ತೀರಾ?" ಎಂದು ಕೇಳಿದ. ಅವರು ಒಪ್ಪಿದರು. ಉದ್ದನೆಯ ಪುಸ್ತಕವೊಂದರಲ್ಲಿ ಹೆಸರಿಲ್ಲದೆ ಮನೆಯ ಸಂಖ್ಯೆ ಮಾತ್ರ ಬರೆದರು. ಆ ಸಂಖ್ಯೆಗಳ ನಡುವೆ ತಮ್ಮ ಮನೆಯದನ್ನೂ ಬರೆದುಕೊಂಡರು. ಫೋಟೋ ತೆಗೆಯುವುದು ಅಲ್ಲಿಗೆ ನಿಂತಿತು. ಪರರ ದೋಷವನ್ನು ಮುಚ್ಚುವುದು ಉಪಗೂಹನವಾದರೆ, ಪರರ ಬಡತನವನ್ನು ಬೀದಿಗೆ ತಾರದಿರುವುದೂ ಅದರ ನೆರೆಯ ಗುಣವೆಂದು ನಾನು ತಿಳಿಯುತ್ತೇನೆ.

ಕಷ್ಟ ಒಮ್ಮೆ ಬಂದು ಹೋಗುವಂಥದಲ್ಲ. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದು ಗುತ್ತಿಗೆ ಕಾರ್ಮಿಕರ ಮನೆಗಳು ತಲ್ಲಣಿಸಿದವು. ಆಗಸ್ಟಿನಲ್ಲಿ ಉತ್ಪಾದನೆಯ ಒಂದು ಭಾಗ ಮತ್ತೆ ಆರಂಭವಾಯಿತು. ಆ ತಿಂಗಳುಗಳಲ್ಲಿ ಅದೇ ಲೆಕ್ಕದ ಪುಸ್ತಕ ಮತ್ತೆ ತೆರೆಯಿತು. ತರುಣರು ಹೊಸದಾಗಿ ಚಂದಾ ಬೇಡಬೇಕಾಗಿ ಬರಲಿಲ್ಲ. ಉಪವಾಸದ ದಿನ ತಾವು ಉಣ್ಣದೆ ಉಳಿದ ಊಟದ ವೆಚ್ಚವನ್ನು ಬೇರೆಯಾಗಿ ಎತ್ತಿಡುವ ನಿಯಮವನ್ನು ಅವರು 2020ರಿಂದಲೇ ಹಿಡಿದಿದ್ದರು. ಉತ್ಸಾಹದಿಂದ ಮಾಡಿದ ಉಪಕಾರ ಉತ್ಸಾಹ ಇಳಿದೊಡನೆ ನಿಲ್ಲುತ್ತದೆ. ನಿಯಮದಿಂದ ಮಾಡಿದ್ದು ಮುಂದಿನ ಕಷ್ಟದವರೆಗೂ ಉಳಿಯುತ್ತದೆ.

ತರುಣರಿಗೆ ನನ್ನ ಒಂದು ಮಾತು. ಸೇವೆಯೊಂದಿದ್ದರೆ ಸಾಕು, ವ್ರತವೇಕೆ ಎನ್ನಬೇಡಿ. ಮುರಿಯಬೇಕಾಗಿ ಬಂದರೆ ಮುರಿದೆನೆಂದು ಒಪ್ಪಿ, ಗುರುಹಿರಿಯರೆದುರು ಹೇಳಿ, ಪ್ರಾಯಶ್ಚಿತ್ತ ಮಾಡಿಕೊಳ್ಳಿ. ಕೂಸು ಅತ್ತಾಗ, ನೆರೆಮನೆಯವರು ಬಿದ್ದಾಗ, ಹೊಳೆ ಉಕ್ಕಿದಾಗ ಮಾತ್ರ ಹೋಗಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತ ಕೂರಬೇಡಿ.

ಹಿರಿಯರಿಗೆ ಇನ್ನೊಂದು ಮಾತು. ಮಕ್ಕಳು ಒದ್ದೆ ಬಟ್ಟೆಯಲ್ಲಿ ಬಾಗಿಲಿಗೆ ಬಂದು ತಪ್ಪೊಪ್ಪಿಕೊಂಡಾಗ, ಮೊದಲು ಒಣಬಟ್ಟೆ ಕೊಡಿ. ಶಾಸ್ತ್ರವನ್ನು ಅನಂತರ ಹೇಳಬಹುದು. ಪ್ರತಿ ಪರ್ವದಿನ ಮನೆಯಲ್ಲಿ ಬೇಯಿಸದೆ ಉಳಿದ ಅಕ್ಕಿಯನ್ನು ಒಂದು ಪಾತ್ರೆಯಲ್ಲಿ ಬೇರೆಯಾಗಿ ಕೂಡಿಡಿ. ಅದು ತುಂಬಿದಾಗ ಯಾರ ಮನೆಗೆ, ಯಾವ ಮಾತಿನೊಡನೆ ಕೊಂಡೊಯ್ಯಬೇಕೆಂಬುದನ್ನು ಮನೆಯ ತರುಣರನ್ನೇ ಕೇಳಿ. ನಮಗಿಂತ ಅವರಿಗೆ ಅದು ಚೆನ್ನಾಗಿ ತಿಳಿದಿರುತ್ತದೆ.

ಅಷ್ಟಮಿ, ಚತುರ್ದಶಿಗಳ ಪ್ರೋಷಧವನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಆ ದಿನಗಳಲ್ಲಿ ಫೋನನ್ನು ಆರಿಸುವುದಿಲ್ಲ.